ಕಟ್ಟಳೆ ಕಾಣದ ಆಟ

"ಲೇ, ನಾಕ್ ಆದ್ನೋ! ಲಗೂ ಬಂದು ಎಬ್ಬಸ್ಲೇ!"

ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯ ಹಳ್ಳಿಯೊಂದರ ಗುಡಿಕಟ್ಟೆಯಲ್ಲಿ ನಾಲ್ಕು ಹುಡುಗರು ಮೊಬೈಲ್ ಹಿಡಿದು ಕುಂತಿದ್ದಾರೆ ಎಂದುಕೊಳ್ಳಿ. ಅವರು ಆಡುತ್ತಿರುವುದು ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ. ಅದರಲ್ಲಿ ಗುಂಡು ತಗುಲಿದವನು ಕೂಡಲೇ ಸಾಯುವುದಿಲ್ಲ, ಮೊಣಕಾಲೂರಿ ತೆವಳುತ್ತಾನೆ. ಅದಕ್ಕೆ 'ನಾಕ್ ಆಗೋದು' ಎನ್ನುತ್ತಾರೆ. ಗೆಳೆಯನೊಬ್ಬ ಹತ್ತಿರ ಬಂದು ಕೆಲವು ಕ್ಷಣ ನಿಂತರೆ ಸಾಕು, ಬಿದ್ದವನು ಎದ್ದು ಮತ್ತೆ ಆಟಕ್ಕೆ ಇಳಿಯುತ್ತಾನೆ.

ಮರುದಿನ ಸಾಲಿಯಲ್ಲಿ ಮಾಸ್ತರರು ಅದೇ ಹುಡುಗನನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಮುಕ್ಕಾಲರಿಂದ ಅರ್ಧ ಕಳೆದರೆ ಎಷ್ಟು? ಹುಡುಗ ನೆಲ ನೋಡುತ್ತಾನೆ. ಉತ್ತರ ಗೊತ್ತಿಲ್ಲವೆಂದಲ್ಲ, ತಪ್ಪಾದರೆ ಏನಾಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಕಟ್ಟೆಯ ಮೇಲೆ 'ಎಬ್ಬಿಸು' ಎಂದರೆ ಬದುಕಿಸು, ತರಗತಿಯಲ್ಲಿ 'ಎಬ್ಬಿಸು' ಎಂದರೆ ಎಲ್ಲರ ಮುಂದೆ ನಿಲ್ಲಿಸು. ಈ ಅಧ್ಯಾಯ ಹುಟ್ಟಿದ್ದೇ ಈ ಎರಡು ಎಬ್ಬಿಸುವಿಕೆಗಳ ನಡುವಿನ ಅಂತರದಿಂದ.

ಆಟ ಹುಡುಗರನ್ನು ಯಾಕೆ ಹಿಡಿದಿಡುತ್ತದೆ ಎಂದು ಕೇಳಿದರೆ ಇಂದು ಎಲ್ಲರ ಬಾಯಲ್ಲೂ 'ಡೋಪಮಿನ್' ಎಂಬ ಒಂದೇ ಉತ್ತರ. ಆ ಮಾತು ಅರ್ಧ ಸರಿ. 1998ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಸಂಶೋಧಕರು ಎಂಟು ಮಂದಿಗೆ ಟ್ಯಾಂಕ್ ನಡೆಸುವ ವಿಡಿಯೊ ಗೇಮ್ ಕೊಟ್ಟು, ಅವರು ಆಡುತ್ತಿರುವಾಗಲೇ ಮಿದುಳನ್ನು ಸ್ಕ್ಯಾನ್ ಮಾಡಿದರು. ಆಟ ಸಾಗಿದಂತೆ ಮಿದುಳಿನ ಆಳದಲ್ಲಿ ಡೋಪಮಿನ್ ಬಿಡುಗಡೆಯಾಗುವುದು ಕಂಡಿತು. ಉಳಿದ ಅರ್ಧ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿಯ ಮಂಗಗಳ ಪ್ರಯೋಗದಲ್ಲಿದೆ. ಅನಿರೀಕ್ಷಿತವಾಗಿ ಒಂದು ಹನಿ ಹಣ್ಣಿನ ರಸ ಸಿಕ್ಕಿದಾಗ ಮಂಗದ ಡೋಪಮಿನ್ ನರಕೋಶಗಳು ಜೋರಾಗಿ ಮಿಡಿದವು. ಸೂಚನೆಯ ದೀಪ ಹತ್ತಿದ ಮೇಲೆ ರಸ ಬರುತ್ತದೆಂದು ಮಂಗ ಕಲಿತ ಬಳಿಕ, ರಸ ಬಂದಾಗ ಅವು ಸುಮ್ಮನಿದ್ದವು, ದೀಪ ಹತ್ತಿದಾಗ ಮಿಡಿದವು. ದೀಪ ಹತ್ತಿಯೂ ರಸ ಬಾರದಿದ್ದರೆ ಮಿಡಿತ ಕುಗ್ಗಿತು. ಅಂದರೆ ಡೋಪಮಿನ್ ಬರಿಯ ಸುಖದ ದ್ರವವಲ್ಲ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಎಷ್ಟು ಅಂತರವಿದೆ ಎಂಬ ಲೆಕ್ಕವನ್ನು ಅದು ಮಿದುಳಿಗೆ ಒಪ್ಪಿಸುತ್ತದೆ. ಮಿದುಳು ಕಲಿಯುವುದು ಆ ಅಂತರದಿಂದಲೇ, ಎಂದರೆ ತಪ್ಪಿನಿಂದ.

ಒಳ್ಳೆಯ ಆಟ ಕ್ಷಣಕ್ಷಣಕ್ಕೂ ಈ ಲೆಕ್ಕ ಒಪ್ಪಿಸುತ್ತಿರುತ್ತದೆ. ಗೋಡೆಯ ಹಿಂದೆ ವೈರಿ ಇಲ್ಲ ಅಂದುಕೊಂಡೆ, ಇದ್ದ, ಬಿದ್ದೆ. ಮುಂದಿನ ಸಲ ಗೋಡೆ ನೋಡಿದಾಗ ನೆನಪಿರುತ್ತದೆ. ತಪ್ಪಿಗೂ ತಿದ್ದುವಿಕೆಗೂ ನಡುವೆ ಕೆಲವೇ ಕ್ಷಣ. ಕಿರುಪರೀಕ್ಷೆಯಲ್ಲಿ ಮಾಡಿದ ತಪ್ಪು ಮಗುವಿಗೆ ತಿಳಿಯುವುದು ವಾರದ ಮೇಲೆ, ಕೆಂಪು ಶಾಯಿಯಲ್ಲಿ. ಅಷ್ಟರಲ್ಲಿ ಅದು ಏನಂದುಕೊಂಡು ಹಾಗೆ ಬರೆದಿತ್ತೆಂಬುದೇ ಮರೆತುಹೋಗಿರುತ್ತದೆ.

ಈ ಗುಟ್ಟು ಕನ್ನಡದ ಶಾಲೆಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 'ನಲಿ-ಕಲಿ' ಶುರುವಾಯಿತು. ಅಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದರು. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯಲ್ಲಿ ಮೈಲುಗಲ್ಲುಗಳು, ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತಿನ ಕಾರ್ಡು. ಆನೆಯ ಗುರುತಿನ ಕಾರ್ಡು ಮುಗಿಸಿದ ಮಗು ತಾನೇ ಎದ್ದು ಹೋಗಿ ಮುಂದಿನದನ್ನು ತರುತ್ತದೆ. ನಾಲ್ಕು ದಿನ ಸಾಲಿ ತಪ್ಪಿಸಿದರೆ ಫೇಲಲ್ಲ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಮಕ್ಕಳು ಗುಂಪಾಗಿ ಕೂಡುವ 'ತಟ್ಟೆ'ಗಳೂ ಬೇರೆ ಬೇರೆ: ಶಿಕ್ಷಕರ ಪೂರ್ಣ ಸಹಾಯ ಬೇಕಾದವರದು ಒಂದು, ಗೆಳೆಯರ ಸಹಾಯದಲ್ಲಿ ಕಲಿಯುವವರದು ಒಂದು, ತಾನೇ ಕಲಿಯುವವರದು ಇನ್ನೊಂದು. ಗೇಮ್ ತಯಾರಿಸುವವರು 'ಲೆವೆಲ್', 'ಸೇವ್ ಪಾಯಿಂಟ್', 'ಸ್ಕ್ವಾಡ್' ಎಂದು ಕರೆಯುವುದೆಲ್ಲ ಇಲ್ಲಿ ರಟ್ಟಿನ ಕಾರ್ಡಿನಲ್ಲೇ ಇತ್ತು. 2009–10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು. ಇಂಡಿ, ಮುದ್ದೇಬಿಹಾಳದಿಂದ ಸುಗ್ಗಿಗೂ ಕಬ್ಬಿನ ಕಟಾವಿಗೂ ಅವ್ವ-ಅಪ್ಪನ ಜೊತೆ ಗುಳೆ ಹೋಗಿಬರುವ ಮಗುವಿಗೆ ಇದಕ್ಕಿಂತ ದೊಡ್ಡ ಕರುಣೆ ಇರಲಾರದು ಎಂದು ನಾನು ನಂಬುತ್ತೇನೆ.

ಆದರೆ ಏಣಿ ಮೂರನೆಯ ಇಯತ್ತೆಗೆ ಮುಗಿಯುತ್ತದೆ. ಆಮೇಲೆ ಪುಸ್ತಕ, ಗೈಡು, ಕೊನೆಗೆ ಬಹುಕಾಲ ಒಂದೇ ಜೀವದ ಆಟದಂತಿದ್ದ ಎಸ್ಸೆಸ್ಸೆಲ್ಸಿ. 2023–24ರಲ್ಲಿ ರಾಜ್ಯದ ಪರೀಕ್ಷಾ ಮಂಡಳಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ತಂದು, ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಲು ಬಿಟ್ಟಾಗ ಶಿಸ್ತು ಹಾಳಾಗುತ್ತದೆಂದು ಹಲವರು ಗೊಣಗಿದರು. ಬಿದ್ದ ಹುಡುಗಿಗೆ ಜೂನಿನಲ್ಲೇ ಎದ್ದು ನಿಲ್ಲುವ ದಾರಿ ಸಿಕ್ಕಿತೆಂದು ನನಗೆ ಸಂತೋಷವಾಯಿತು.

ಇನ್ನು ಮೊಬೈಲು ಮಕ್ಕಳ ಕೈಗೆ ಬಂದ ಕತೆ. ಅದನ್ನು ಕೊಟ್ಟದ್ದು ಬರೀ ಚಟವಲ್ಲ, ಸಾಲಿಯೇ ಕೊಟ್ಟಿತು. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠ ವಾಟ್ಸಾಪಿಗೆ ಬಂತು, ಚಂದನ ವಾಹಿನಿಗೆ ಬಂತು. ಪಠ್ಯಪುಸ್ತಕದ ಮೂಲೆಯ ಕ್ಯೂಆರ್ ಗುರುತು ದೀಕ್ಷಾ ಆ್ಯಪಿಗೆ ಒಯ್ಯುತ್ತಿತ್ತು. ಆ ಆಗಸ್ಟಿನಲ್ಲಿ 'ವಿದ್ಯಾಗಮ'ದ ಹೆಸರಿನಲ್ಲಿ ಮಾಸ್ತರರು ಗುಡಿಕಟ್ಟೆ, ಗಿಡದ ನೆರಳಿಗೇ ಬಂದು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಗುಡಿಕಟ್ಟೆಯಲ್ಲಿ ಉಳಿದದ್ದು ಮೊಬೈಲು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಪಬ್ಜಿಯೂ ಇತ್ತು. 2021ರ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೆಸರು ತೊಟ್ಟು ಬಂತು, 2022ರಲ್ಲಿ ಮತ್ತೆ ಮರೆಯಾಯಿತು, 2023ರಲ್ಲಿ ಮರಳಿತು. ಮೂರು ವರ್ಷಗಳ ಈ ಕಣ್ಣಾಮುಚ್ಚಾಲೆಯಲ್ಲಿ ಹುಡುಗರು ಆಟವನ್ನು ಬಿಡಲಿಲ್ಲ, ದಾರಿ ಹುಡುಕುವುದನ್ನು ಕಲಿತರು.

ಈ ಆಟದ ಹಳೆಯ ನಕಾಶೆಯ ಹೆಸರು ಎರಾಂಗೆಲ್. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ, ಎಲ್ಲಿಯೂ ಇಲ್ಲದ ಒಂದು ದ್ವೀಪ. ಅದರ ನಡುವಿನ ಪೊಚಿಂಕಿ ಎಂಬ ಊರಿನ ಯಾವ ಮನೆಗೆ ಎಷ್ಟು ಕಿಟಕಿ, ಯಾವ ಮಾಳಿಗೆಯಿಂದ ಯಾವ ದಾರಿ ಕಾಣುತ್ತದೆ ಎಂದು ಮುದ್ದೇಬಿಹಾಳದ ಹುಡುಗ ಕಣ್ಣು ಮುಚ್ಚಿ ಹೇಳಬಲ್ಲ. ಅವನ ತಾಲ್ಲೂಕಿನಲ್ಲೇ ಕೃಷ್ಣೆಯ ದಂಡೆಗೆ ತಂಗಡಗಿ ಇದೆ. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯವೂ ದಖನಿನ ಸುಲ್ತಾನರ ಸೈನ್ಯಗಳೂ ಎದುರಾದ ಯುದ್ಧಕ್ಕೆ ತಾಳಿಕೋಟೆಯ ಹೆಸರಿನಂತೆಯೇ ರಕ್ಕಸಗಿ-ತಂಗಡಗಿಯ ಹೆಸರೂ ಇದೆ. ಅದು ಅವನಿಗೆ ಎರಡು ಅಂಕದ ಪ್ರಶ್ನೆ.

ಇದಕ್ಕೆ ಹುಡುಗನನ್ನು ದೂರುವುದು ತಪ್ಪು. ಮಿದುಳು ಜಾಗಗಳನ್ನು ನೆನಪಿಡುವುದು ಅಲ್ಲಿ ಏನಾದರೂ ಮಾಡಬೇಕಾದಾಗ. ಪೊಚಿಂಕಿಯಲ್ಲಿ ಅವನು ಓಡಿದ್ದಾನೆ, ಅಡಗಿದ್ದಾನೆ, ಗೆಳೆಯನನ್ನು ಎಬ್ಬಿಸಿದ್ದಾನೆ. ತಂಗಡಗಿಯಲ್ಲಿ ಅವನಿಗೆ ಮಾಡಲು ಏನನ್ನೂ ಕೊಟ್ಟಿಲ್ಲ. ನದಿಯನ್ನು ಎಲ್ಲಿ ದಾಟಬಹುದು, ಕುದುರೆಗೆ ನೀರು ಎಲ್ಲಿ, ಎದುರಿನ ದಂಡೆಯಲ್ಲಿ ಕಾವಲಿದ್ದರೆ ಏನು ಮಾಡುವಿ ಎಂಬ ಪ್ರಶ್ನೆಗಳನ್ನು ಆ ದಂಡೆಯ ಮೇಲೆ ನಿಲ್ಲಿಸಿ ಕೇಳಿದರೆ ಇತಿಹಾಸದ ಪಾಠ ಎರಾಂಗೆಲ್ಲಿನಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ಗೇಮೂ ಬೇಡ, ಒಂದು ಟೆಂಪೊ ಸಾಕು.

ಆಟ ಕೊಡುವ ಇನ್ನೊಂದು ವಸ್ತು ಹೆಸರು. ಆಟಕ್ಕೆ ಇಳಿಯುವ ಮೊದಲು ಹುಡುಗ ತನಗೊಂದು ಐಡಿ ಇಟ್ಟುಕೊಳ್ಳಬೇಕು. ಇಂಗ್ಲಿಷ್ ಅಕ್ಷರಗಳನ್ನು ತಿರುಚಿ, ಎರಡು ಬದಿಗೆ ಚಿಹ್ನೆ ಹಚ್ಚಿ ಅವನು ಕಟ್ಟುವ ಹೆಸರಿನಲ್ಲಿ ಅಡ್ಡಹೆಸರಿಲ್ಲ, ಓಣಿಯಿಲ್ಲ, ತಾಂಡಾ ಇಲ್ಲ. ಹುಟ್ಟಿದಂದಿನಿಂದ ಯಾರ ಮಗ, ಯಾವ ಕೇರಿ ಎಂದು ಕೇಳಿಸಿಕೊಂಡೇ ಬೆಳೆದವನಿಗೆ ಇದು ಸಣ್ಣ ಬಿಡುಗಡೆಯಲ್ಲ. ಜೇಮ್ಸ್ ಪಾಲ್ ಜೀ ಎಂಬ ಭಾಷಾವಿಜ್ಞಾನಿ 2003ರಲ್ಲಿ ವಿಡಿಯೊ ಗೇಮ್ ಮತ್ತು ಕಲಿಕೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಆಡುವವನಲ್ಲಿ ಮೂರು ಗುರುತುಗಳು ಒಟ್ಟಿಗೆ ಇರುತ್ತವೆ ಎಂದಿದ್ದ. ಮನೆಯಲ್ಲಿರುವ ತಾನು ಒಂದು, ಆಟದೊಳಗಿನ ಪಾತ್ರ ಇನ್ನೊಂದು, 'ಈ ಪಾತ್ರದ ಮೂಲಕ ನಾನು ಎಂಥವನಾಗಬೇಕು' ಎಂಬ ಆಸೆ ಮೂರನೆಯದು. ಅವನ ಪ್ರಕಾರ ಕಲಿಕೆ ನಡೆಯುವುದು ಈ ಮೂರನೆಯ ಜಾಗದಲ್ಲಿ. ಸ್ಟ್ಯಾನ್‌ಫರ್ಡ್‌ನ ನಿಕ್ ಯೀ, ಜೆರೆಮಿ ಬೇಲೆನ್ಸನ್ 2007ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಪರದೆಯೊಳಗೆ ಎತ್ತರದ ಮೈ ಸಿಕ್ಕವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಗಿಡ್ಡ ಮೈ ಸಿಕ್ಕವರಿಗಿಂತ ಗಟ್ಟಿಯಾಗಿ ವಾದಿಸಿದರು. ತೊಟ್ಟ ವೇಷ ನಡತೆಯನ್ನು ತಿದ್ದುತ್ತದೆ. ಬಯಲಾಟ ನೋಡಿ ಬೆಳೆದ ಸೀಮೆಗೆ ಇದು ಹೊಸ ಸುದ್ದಿಯಲ್ಲ. ಕಿರೀಟ ಇಟ್ಟವನ ನಡಿಗೆ ಬದಲಾಗುವುದನ್ನು ನಾವು ಕಂಡಿದ್ದೇವೆ.

ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ನಿಂತು ಈ ಐಡಿಗಳನ್ನು ನೋಡುವಾಗ ನನಗೆ ಶರಣರ ಹೆಸರುಗಳು ನೆನಪಾಗುತ್ತವೆ. ಅವರೂ ಹೆಸರನ್ನು ಹೊಸದಾಗಿ ಕಟ್ಟಿಕೊಂಡವರು, ಆದರೆ ದಾರಿ ತಿರುಗುಮುರುಗು. ಮಡಿವಾಳ ಮಾಚಿದೇವ ಇದೇ ಸೀಮೆಯ ದೇವರಹಿಪ್ಪರಗಿಯವನು. ಅವನೂ ಮಾದಾರ ಚೆನ್ನಯ್ಯನೂ ಡೋಹರ ಕಕ್ಕಯ್ಯನೂ ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡರು, ಮುಚ್ಚಲಿಲ್ಲ. ಅಂಬಿಗರ ಚೌಡಯ್ಯನಂತೂ ದೇವರ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೇ ವಚನದ ಅಂಕಿತ ಮಾಡಿಕೊಂಡ. ಕೀಳೆಂದು ಕರೆಸಿಕೊಂಡ ಗುರುತನ್ನೇ ಎತ್ತಿ ಹಿಡಿದು ಅವರು ಸಮಾನರಾದರು. ಗೇಮಿನ ಹುಡುಗ ಗುರುತನ್ನು ಮುಚ್ಚಿ ಸಮಾನನಾಗುತ್ತಾನೆ, ಅದೂ ಪರದೆ ಆರುವ ತನಕ. ಹೆಡ್‌ಫೋನಿನಲ್ಲಿ ಇಂದೋರಿನವನೊಡನೆಯೋ ಸೊಲ್ಲಾಪುರದವನೊಡನೆಯೋ ಹಿಂದಿಯಲ್ಲಿ ಮಾತಾಡುವಾಗ ಅವನ ಸೀಮೆಯ ನುಡಿ ಎಲ್ಲಾದರೂ ಇಣುಕಿ ನಗೆಗೆ ಈಡಾದರೆ, ಮುಚ್ಚಬೇಕಾದ ಗುರುತುಗಳ ಪಟ್ಟಿಗೆ ಅದೂ ಸೇರುತ್ತದೆ.

ಹುಡುಗಿಯರ ಮಾತು ಬೇರೆ. 2023ರ 'ಅಸರ್' ಶಿಕ್ಷಣ ಸಮೀಕ್ಷೆಯ ವರದಿ ದೇಶದ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳನ್ನು ಕುರಿತದ್ದು. ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ. 43.7 ಮಂದಿಗೆ ಸ್ವಂತ ಫೋನಿತ್ತು. ಹುಡುಗಿಯರಲ್ಲಿ ಶೇ. 19.8 ಮಂದಿಗೆ ಮಾತ್ರ. ಅಣ್ಣನ ಫೋನು ಅಣ್ಣ ಕೊಟ್ಟಾಗ, ಅವ್ವನ ಫೋನು ಅಡುಗೆ ಮುಗಿದಾಗ. ಆಷಾಢದ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಹಚ್ಚಿ ಸಿಂಗರಿಸಿ, ಓಣಿಯ ಗೆಳತಿಯರೊಡನೆ ಕೂಡಿ ಹಾಡುವ ಆಟ ಈ ಹುಡುಗಿಯರದೇ ಆಗಿತ್ತು. ಆ ಗೊಂಬೆಯ ಮೂಗುತಿ ಎಷ್ಟು ದೊಡ್ಡದಿರಬೇಕೆಂದು ಯಾರನ್ನೂ ಕೇಳಬೇಕಿರಲಿಲ್ಲ. ಫೋನಿನೊಳಗಿನ ಗೊಂಬೆಗೆ ಒಳ್ಳೆಯ ಅಂಗಿ ಬೇಕಾದರೆ ದುಡ್ಡು ಕೊಡಬೇಕು.

ದುಡ್ಡಿನ ಮಾತು ಬಂದಾಗ ಧ್ವನಿ ಗಡುಸಾಗದೆ ಇರದು. ಎಷ್ಟನೆಯ ಸಲ ಗೆಲ್ಲುತ್ತೀ ಎಂದು ಗೊತ್ತಾಗದಂತೆ ಬಹುಮಾನ ಇಟ್ಟರೆ ಪ್ರಾಣಿ ಬಿಡದೆ ಗುಂಡಿ ಒತ್ತುತ್ತದೆ ಎಂದು ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಿಂದ ತೋರಿಸಿದ್ದ. ಮುಂದೆ ಅದೇ ಸೂತ್ರದ ಮೇಲೆ ಫೋನಿನ ರಮ್ಮಿಯೂ ಅದೃಷ್ಟದ ಪೆಟ್ಟಿಗೆಗಳೂ ನಿಂತವು. ಇಂಥ ದುಡ್ಡಿನ ಆಟಗಳ ವಿರುದ್ಧ ಕರ್ನಾಟಕ 2021ರಲ್ಲಿ ಕಾನೂನು ತಂದಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2022ರಿಂದ ಜಾರಿಯಲ್ಲಿದೆ. ಆಟದ ಮೇಲಿನ ಹಿಡಿತ ತಪ್ಪಿ, ಓದು, ನಿದ್ದೆ, ಸಂಬಂಧಗಳೆಲ್ಲ ಹದಗೆಡುವುದು ಸಾಮಾನ್ಯವಾಗಿ ಹನ್ನೆರಡು ತಿಂಗಳು ಮುಂದುವರಿದರೆ ಮಾತ್ರ ಅದು ಕಾಯಿಲೆ. ದಿನಕ್ಕೆ ಒಂದು ತಾಸು ಆಡುವ ಮಗ ರೋಗಿಯಲ್ಲ ಎಂದು ತಾಯಂದಿರಿಗೆ ಗಟ್ಟಿಯಾಗಿ ಹೇಳಬೇಕು. ನಿಜಕ್ಕೂ ಸಿಕ್ಕಿಬಿದ್ದವರಿಗಾಗಿ ನಿಮ್ಹಾನ್ಸ್ 2014ರಲ್ಲೇ 'ಶಟ್' ಚಿಕಿತ್ಸಾಲಯ ತೆರೆದಿದೆ. ಅದಿರುವುದು ಇಂಡಿಯಿಂದ ಐನೂರು ಕಿಲೋಮೀಟರಿಗೂ ಆಚೆ, ಬೆಂಗಳೂರಿನಲ್ಲಿ. ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಗೀಳಿಗಿಂತ ಹೆಚ್ಚು ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಸ್ವಿಸ್ ಮನೋವಿಜ್ಞಾನಿ ಜಾನ್ ಪಿಯಾಜೆ ಮಕ್ಕಳು ಗೋಲಿ ಆಡುವುದನ್ನು ಅವರ ಜೊತೆ ನೆಲದ ಮೇಲೆ ಕುಳಿತು ನೋಡಿದ. 1932ರಲ್ಲಿ ಪುಸ್ತಕ ಬರೆದ. ಸಣ್ಣ ಮಕ್ಕಳಿಗೆ ಆಟದ ಕಟ್ಟಳೆಯೆಂದರೆ ದೊಡ್ಡವರಿಂದ ಬಂದ, ಮುಟ್ಟಬಾರದ ವಸ್ತು. ಹತ್ತು-ಹನ್ನೊಂದರ ಹೊತ್ತಿಗೆ ಅವರಿಗೆ ತಿಳಿಯುತ್ತದೆ: ಎಲ್ಲರೂ ಒಪ್ಪಿದರೆ ಕಟ್ಟಳೆಯನ್ನು ಬದಲಿಸಬಹುದು. ಅವನ ಪ್ರಕಾರ ನ್ಯಾಯದ ಅರಿವು ಬಲಿಯುವುದು ಇಲ್ಲಿಂದ. ಚಿಣಿಪಣಿ ಆಡುವಾಗ, ಗಿಡಮಂಗನಾಟ ಆಡುವಾಗ ಅರ್ಧ ಹೊತ್ತು ಜಗಳದಲ್ಲೇ ಹೋಗುತ್ತಿತ್ತು. "ಸಣ್ಣಾವ ಅದಾನ, ಅವಗ ಇನ್ನೊಂದ ಆಟ ಕೊಡ್ರಿ" ಎಂದು ಯಾರೋ ಹೇಳುತ್ತಿದ್ದರು, ಉಳಿದವರು ಗುದ್ದಾಡಿ ಒಪ್ಪುತ್ತಿದ್ದರು. ಆ ಜಗಳವೇ ಪಾಠವಾಗಿತ್ತು. ಫೋನಿನ ಆಟದಲ್ಲಿ ಜಗಳವಾಡಲು ಎದುರಿಗೆ ಯಾರೂ ಇಲ್ಲ. ಕಟ್ಟಳೆ ದೂರದ ಕಂಪನಿಯ ಸರ್ವರಿನಲ್ಲಿದೆ, ಒಂದು ಅಪ್‌ಡೇಟಿನಲ್ಲಿ ಬದಲಾಗುತ್ತದೆ. ಹದಿನಾರರ ಹುಡುಗ ಮತ್ತೆ ಐದರ ಮಗುವಾಗಿ, ಮೇಲಿನಿಂದ ಬಂದದ್ದನ್ನು ಒಪ್ಪಿಕೊಳ್ಳುತ್ತಾನೆ.

ಹೊಸ ಮಾಧ್ಯಮ ಬಂದಾಗ ಈ ಸೀಮೆ ಯಾವಾಗಲೂ ಹೀಗೆ ಕೈಕಟ್ಟಿ ನಿಂತಿರಲಿಲ್ಲ. ನೂರು ವರ್ಷದ ಹಿಂದೆ ಅಚ್ಚಿನ ಮೊಳೆಯೇ ಇಲ್ಲಿನ ಹೊಸ ಮಾಧ್ಯಮ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದು 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಬಳಿಕ ತಾವೇ ಮುದ್ರಣಾಲಯ ಹಾಕಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಶಾಲಾ ಮಾಸ್ತರರಾಗಿದ್ದ ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು. ಆ ತನಕ ಒರಟೆನ್ನಿಸಿಕೊಂಡಿದ್ದ ಇಲ್ಲಿನ ಆಡುನುಡಿ ಪುಸ್ತಕದ ಮರ್ಯಾದೆ ಪಡೆಯಿತು. ಅದೇ ಹಲಸಂಗಿಯ ಖಾಜಾಭಾಯಿಯ ಲಾವಣಿಗಳಂತೂ ಆಟವೇ. ಹರದೇಶಿ, ನಾಗೇಶಿ ಎಂಬ ಎರಡು ಬಣ ಎದುರುಬದುರು ನಿಂತು, ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಸೋತವನು ಮುಂದಿನ ಜಾತ್ರೆಗೆ ಪುರಾಣ ಓದಿಕೊಂಡು ಬರುತ್ತಿದ್ದ.

ಇಂದಿನ ಹುಡುಗರಿಗೂ ಈ ಕಸುವಿಲ್ಲದಿಲ್ಲ. ವಾಟ್ಸಾಪಿನಲ್ಲಿ ಅವರು 'ಯಾಕೋ', 'ಹೊಂಟೀನಿ', 'ಬರಾಕ್ಹತ್ತೀನಿ' ಎಂದು ಆಡಿದಂತೆಯೇ ಬರೆಯುತ್ತಾರೆ, ಯೂಟ್ಯೂಬಿನ ಹಾಸ್ಯ ವಿಡಿಯೊಗಳು ಇದೇ ನುಡಿಯಲ್ಲಿ ಓಡುತ್ತವೆ. ನೋಟಬುಕ್ಕಿನಲ್ಲಿ ಅದನ್ನು ಬರೆದರೆ ಕೆಂಪು ಗೆರೆ ಬೀಳುತ್ತದೆ. ಹಲಸಂಗಿಯ ಗೆಳೆಯರು ಹಾಡನ್ನು ಹುಡುಕಿ ಹೊರಟಂತೆ ಮಕ್ಕಳು ಫೋನಿನಲ್ಲಿ ಅಜ್ಜಿಯ ಒಡಪುಗಳನ್ನು ರೆಕಾರ್ಡ್ ಮಾಡಿ, ಅವುಗಳಿಂದ ತಾವೇ ಸವಾಲು-ಜವಾಬಿನ ಆಟ ಕಟ್ಟಬಾರದೇಕೆ? ಅದಕ್ಕೆ ಪ್ರೋಗ್ರಾಮಿಂಗ್ ಕೂಡ ಬೇಕಿಲ್ಲ.

ಅಥವಾ ಇನ್ನೂ ಹತ್ತಿರದ ಚೌಕಾಬಾರದಿಂದ ಶುರುಮಾಡಬಹುದು. ಪಚ್ಚೀಸಿ ಎಂಬ ನಮ್ಮ ಹಳೆಯ ಆಟ ಇಂಗ್ಲೆಂಡಿಗೆ ಹೋಗಿ 1896ರಲ್ಲಿ 'ಲೂಡೊ' ಎಂದು ಪೇಟೆಂಟ್ ಪಡೆಯಿತು, 2016ರಲ್ಲಿ ಮುಂಬೈ ಕಂಪನಿಯ 'ಲೂಡೊ ಕಿಂಗ್' ಆಗಿ ಫೋನಿಗೆ ಬಂತು, ಲಾಕ್‌ಡೌನಿನಲ್ಲಿ ಮನೆಮನೆಗೂ ಹೊಕ್ಕಿತು. ಚೌಕಾಬಾರ ಅದರ ದಾಯಾದಿ, ಊರಲ್ಲೇ ಉಳಿದದ್ದು. ಲೂಡೊದಲ್ಲಿ ದಾಳ ಉರುಳುವುದು ಪರದೆಯ ಹಿಂದೆ. ಅದು ಮೋಸ ಮಾಡುತ್ತದೆಂದು ಸೋತವರೆಲ್ಲ ಹೇಳುತ್ತಾರೆ, ಪರೀಕ್ಷಿಸಿದವರು ಕಡಿಮೆ. ಚೌಕಾಬಾರದ ಗರ ಕೈಯಲ್ಲಿರುತ್ತದೆ: ನಾಲ್ಕು ಕವಡೆ, ಇಲ್ಲವೇ ಒಂದು ಬದಿ ತೇಯ್ದ ನಾಲ್ಕು ಹುಣಸೆ ಬೀಜ.

ಐದನೆಯ ಇಯತ್ತೆಯ ಮಕ್ಕಳನ್ನು ಅಂಗಳದಲ್ಲಿ ಕೂರಿಸಿ. ಬೀಜವನ್ನು 160 ಸಲ ಎಸೆದು ಗೆರೆ ಎಳೆಯುತ್ತ ಹೋಗಲಿ. ಬೀಜಗಳು ಎರಡೂ ಬದಿಗೆ ಸಮನಾಗಿ ಬೀಳುವುದಾದರೆ ಹದಿನಾರರಲ್ಲಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು ಬೀಳಬೇಕು. ಎಲ್ಲ ಬಿಳಿ ಬಿದ್ದ ನಾಲ್ಕು ಒಂದು ಸಲ, ಎಲ್ಲ ಕಪ್ಪು ಬಿದ್ದ ಎಂಟು ಒಂದು ಸಲ. ಅಂದರೆ 160ರಲ್ಲಿ ಎರಡು ಅರವತ್ತರ ಹತ್ತಿರ, ಎಂಟು ಹತ್ತರ ಹತ್ತಿರ. ಮನೆಗೆ ಹೋಗಿ ಅವ್ವನ ಫೋನಿನ ದಾಳವನ್ನೂ ಹೀಗೇ ಎಣಿಸಿಕೊಂಡು ಬರಲಿ, ಆರು ಅಂಕಿಗಳಿಗೂ ಸಮಪಾಲು ಸಿಗುತ್ತಿದೆಯೇ ನೋಡಲಿ.

ಬೀಜದ ಲೆಕ್ಕ ಮೊದಲ ಸಲಕ್ಕೆ ಬಹುಶಃ ಹೊಂದುವುದಿಲ್ಲ. ಕಪ್ಪು ಬದಿ ಉಬ್ಬು, ಬಿಳಿ ಬದಿ ಚಪ್ಪಟೆ, ಯಾವುದೋ ಒಂದು ಬೀಜ ಒಂದೇ ಕಡೆ ವಾಲುತ್ತಿರುತ್ತದೆ. ಯಾವುದೆಂದು ಹಿಡಿಯಲು ನಾಲ್ಕನ್ನೂ ಬೇರೆ ಬೇರೆ ಎಸೆದು ನೋಡಬೇಕು. ಎಂಟು ಇಷ್ಟು ಅಪರೂಪಕ್ಕೆ ಬೀಳುವುದಾದರೆ ಅದಕ್ಕೆ ಇನ್ನೊಂದು ಗರ ಕೊಡೋಣ ಎಂದು ಒಬ್ಬ ಅನ್ನುತ್ತಾನೆ, ಬೇಡ ಎಂದು ಇನ್ನೊಬ್ಬ ಎದ್ದು ನಿಲ್ಲುತ್ತಾನೆ, ಯಾರೂ ಅವನನ್ನು ಎಬ್ಬಿಸಿಲ್ಲ. ಅವರು ವಾದ ಮಾಡುತ್ತಿರಲಿ. ವಾಲುವ ಬೀಜವನ್ನು ಪತ್ತೆ ಹಚ್ಚಿದ ಹುಡುಗಿ ಆಗಲೇ ಅದನ್ನು ಒಯ್ದು ಬಾಗಿಲ ಕಲ್ಲಿಗೆ ಉಜ್ಜುತ್ತಿದ್ದಾಳೆ.